ಮಸಿ ಬಿದ್ದ ಎರಡಕ್ಷರ

ದಿಮ್ಯಾವ್, ಬೊಹೋಲ್
೧೧ ಮಾರ್ಚ್ ೧೯೫೬

ಪ್ರೀತಿಯ ಮನಾಂಗ್ ದೊರಾಯ್,

ಅಕ್ಕಾ, ನಿನ್ನ ತಂಗಿ ಫೌಸ್ತಾ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ಈ ವರ್ಷ ಊಬಿ ಗೆಣಸು ತೊಡೆಗಾತ್ರ ಬಿಟ್ಟಿದೆ. ಅಗೆಯುವಾಗ ಒಂದು ಕೈಜಾರಿ ಬಿತ್ತು; ಊರ ನೇಮದಂತೆ ಎತ್ತಿ ಅದಕ್ಕೆ ಮುತ್ತು ಕೊಡುವವರೆಗೂ ಅಪ್ಪ ನನ್ನನ್ನು ಮನೆಯೊಳಗೆ ಬಿಡಲಿಲ್ಲ.

ನೀನೂ ಭಾವ ಗೌದೆನ್ಸ್ಯೋನೂ ಜಮೀನಿಗೆಂದು ಮಿಂದನಾವೊ ದ್ವೀಪಕ್ಕೆ ಹೋಗಿ ಎರಡು ವರ್ಷವಾಯಿತು. ನೀನು ಹೋದ ಮೇಲೆ ಮದುವೆಮನೆಗಳಲ್ಲಿ ಬಾಲಿತಾವ್ ಹಾಡಿನ ಸವಾಲು-ಜವಾಬು ನಿಂತೇಹೋಗಿದೆ. ನೋಯ್ ಮೆಲೇಸ್ಯೋ ಬೆಳಗ್ಗೆ ಸಂಜೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಾರೆ, ಅಷ್ಟೆ. ಹೆಣ್ಣಿನ ಕಡೆಯಿಂದ ಹಾಡಿನಲ್ಲಿ ಉತ್ತರ ಕೊಡುವವಳೇ ಇಲ್ಲದ ಮೇಲೆ ಅವರು ಯಾರನ್ನು ಕೇಳಬೇಕು?

ಒಂದು ಉಪಕಾರ ಮಾಡು. ಹನ್ನೆರಡು ವರ್ಷ ಅವರ ಎದುರು ನಿಂತು ನೀನು ಕೊಟ್ಟ ಉತ್ತರಗಳನ್ನು ನೆನಪಾದಷ್ಟು ಬರೆದು ಕಳಿಸು. ಯಾರೂ ಹಾಡುವುದಕ್ಕಲ್ಲ. ಮರೆತುಹೋಗಬಾರದಲ್ಲ, ಅದಕ್ಕೆ.

ನಿನ್ನ
ಫೌಸ್ತಾ

*

ಕೊರೊನಡಾಲ್, ಮಿಂದನಾವೊ
೨ ಮೇ ೧೯೫೬

ಪ್ರೀತಿಯ ಇಂದಾಯ್,

ತಂಗೀ, ನಿನ್ನ ಪತ್ರ ಓದಿ ಹೊಟ್ಟೆ ತಂಪಾಯಿತು. ತಪ್ಪು ತಿಳಿಯಬೇಡ, ಊರಲ್ಲಿ ಬಾಲಿತಾವ್ ನಿಂತಿತೆಂದು ನನಗೇನೂ ಸಂತೋಷವಿಲ್ಲ.

ಇಲ್ಲಿಯ ಮಣ್ಣು ಕಪ್ಪು, ನಮ್ಮೂರಿನ ಹಾಗೆ ಗುದ್ದಲಿಗೆ ಕಲ್ಲು ತಾಗುವುದಿಲ್ಲ. ಜೋಳದ ನುಚ್ಚು ಬಿಟ್ಟು ಅನ್ನ ಉಣ್ಣುತ್ತಿದ್ದೇವೆ. ನೆರೆಯವರು ಇಲೊಂಗೋಗಳು, ಜಗಳವನ್ನೂ ಜೋಗುಳದ ಹಾಗೆ ಆಡುವ ಜನ. ಗೌದೆನ್ಸ್ಯೋ ಕೋಣ ಕಟ್ಟಿಕೊಂಡು ಬೆಳಗ್ಗೆ ಹೋದರೆ ಸಂಜೆಗೇ ಬರುತ್ತಾನೆ. ಅವನಿಗೂ ಕೋಣಕ್ಕೂ ಮಾತು ಒಂದೇ ಅಳತೆ. ನಾನು ಸುಖವಾಗಿದ್ದೇನೆ. ಎಲ್ಲರೂ ನನ್ನನ್ನು ಹಾಡಿಸುತ್ತಾರೆ.

ಉತ್ತರಗಳನ್ನು ಬರೆದಿಟ್ಟರೆ ಅವು ಒಣಮೀನು, ತಿಳಿದಿರಲಿ. ನಾಲ್ಕು ಸಾಲು, ಸಾಲಿಗೆ ಎಂಟಕ್ಷರ ಎಲ್ಲರೂ ಕಟ್ಟುತ್ತಾರೆ. ಅವನು ತನ್ನ ಕೊನೆಯ ಸಾಲನ್ನು ಯಾವ ಸ್ವರಾಕ್ಷರದಲ್ಲಿ ಬಿಟ್ಟನೋ ಆ ಸ್ವರವನ್ನೇ ಎತ್ತಿಕೊಂಡು ನನ್ನ ನಾಲ್ಕೂ ಸಾಲು ಮುಗಿಯಬೇಕು: ಇದು ನಾನೂ ಮೆಲೇಸ್ಯೋನೂ ನಮ್ಮೊಳಗೇ ಮಾಡಿಕೊಂಡ ಕಟ್ಟು. ಗಿಟಾರಿನ ಮೂರು ಪೆಟ್ಟು ಸುತ್ತಿ ಬರುವಷ್ಟರಲ್ಲಿ, ಲಂಗದ ಅಂಚು ಹಿಡಿದು ಅರ್ಧ ಸುತ್ತು ಕುಣಿಯುವಷ್ಟರಲ್ಲಿ, ಪದ ಬಾಯಿಗೆ ಬಂದಿರಬೇಕು. ಅವನು ಒಮ್ಮೆ "ನಿನ್ನ ಮನೆಯ ಏಣಿಗೆ ಎಷ್ಟು ಮೆಟ್ಟಿಲು, ಹತ್ತಲೇ" ಎಂದು ಕೇಳಿದ. ನಾನು ಸುತ್ತು ಮುಗಿಸುವ ಮೊದಲೇ ಕೊಟ್ಟೆ:

ಏಳು ಮೆಟ್ಟಿಲು ಏಣಿಗೆ
ಎಂಟನೆಯದು ನಾಯಿಗೆ
ಕಾಲು ಇಡುವ ಮುನ್ನವೆ
ಕಚ್ಚಿಸಿಕೋ ಬಾ ಮೆಲ್ಲಗೆ

ಮದುವೆಯ ಹಂದಿ ಸುಡುತ್ತಿದ್ದವರು ಕೋಲು ಬಿಟ್ಟು ಬಂದು ನಕ್ಕರು. ಇನ್ನೂ ಆರು ಪದ ಬೇರೆ ಹಾಳೆಯಲ್ಲಿವೆ. ಜೋಪಾನ.

ಅವನು ನಿಜವಾಗಿಯೂ ಹಾಡುವುದಿಲ್ಲವೇ?

ನಿನ್ನ ಮನಾಂಗ್
ದೊರಾಯ್

*

ಕೊರೊನಡಾಲ್
೨೦ ಆಗಸ್ಟ್ ೧೯೫೬

ಫೌಸ್ತಾ,

ನಮ್ಮೂರಿನ ತಿಬುರ್ಸ್ಯಾ ಮಗನ ಜಮೀನಿಗೆಂದು ಇಲ್ಲಿಗೇ ಬಂದು ಇಳಿದಿದ್ದಾಳೆ. ಬಂದವಳು ನೀರು ಕುಡಿಯುವ ಮೊದಲೇ ಶುರುಮಾಡಿದಳು:

"ದೊರಾಯ್, ನಿನ್ ತಂಗಿ ಏನ್ ಹಾಡ್ತಾಳೇ ತಾಯಿ! ಮೆಲೇಸ್ಯೋ ಎದ್ರಿಗೆ ನಿಂತ್ರೆ ನೀನೇ ನಿಂತಂಗೆ. ಬೇಜಾರ್ ಮಾಡ್ಕೋಬೇಡ, ನಿನಗಿಂತ ಒಂದ್ ಕೈ ಮೇಲೇ!"

ನಾನು ಅಕ್ಕಿ ಕೇರುತ್ತಿದ್ದೆ. "ಹೌದಾ? ಎಷ್ಟ್ ದಿನದಿಂದ?" ಅಂದೆ.

"ನೀನ್ ಹೋದ್ ವರ್ಷದಿಂದ್ಲೇ. ಯಾಕೆ, ನಿಂಗ್ ಬರ್ದಿಲ್ವಾ?"

"ಬರ್ದಿದ್ದಾಳೆ, ಬರ್ದಿದ್ದಾಳೆ" ಅಂದೆ. ಮೊರದಲ್ಲಿದ್ದ ಅಕ್ಕಿಯನ್ನೆಲ್ಲ ಕೋಳಿಗಳಿಗೆ ಚೆಲ್ಲಿದ್ದೇನೆಂದು ಆಮೇಲೆ ತಿಳಿಯಿತು.

ನಾಯಿಯ ಪದ ಹಾಡಿದೆಯಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ಆ ನಗು ನನ್ನದು ಕಣೇ. ನನ್ನ ಲಂಗ ಕೇಳಿದ್ದರೆ ಕೊಡುತ್ತಿದ್ದೆ, ಬಾಚಣಿಗೆ ಕೇಳಿದ್ದರೆ ಕೊಡುತ್ತಿದ್ದೆ. ನೀನು ನೆನಪಿಗೆ ಎಂದು ಸುಳ್ಳು ಹೇಳಿ ನನ್ನ ಬಾಯನ್ನೇ ಒಯ್ದೆ.

ನಿನ್ನ ಮುಂದೆಯೂ ಅವನು ಮೊದಲ ಸಾಲು ಹಾಡುವಾಗ ಎಡಗಾಲು ಮುಂದಿಡುತ್ತಾನೆಯೇ? ಹೇಳಬೇಡ. ಇಲ್ಲ, ಹೇಳು.

ದೊರಾಯ್

*

ದಿಮ್ಯಾವ್
೪ ಅಕ್ಟೋಬರ್ ೧೯೫೬

ಮನಾಂಗ್,

ಸುಳ್ಳು ಹೇಳಿದ್ದು ತಪ್ಪು. ಅದೊಂದೇ ತಪ್ಪು.

ಹನ್ನೆರಡು ವರ್ಷ ನೀನು ಬರಿಗಾಲಲ್ಲಿ ಕುಣಿಯುವಾಗ ನಿನ್ನ ಚಪ್ಪಲಿ ಹಿಡಿದು ನಿಂತವಳು ನಾನು. "ದೊರಾಯ್ ತಂಗಿ, ಸ್ವಲ್ಪ ಸರಿಯೇ, ಕಾಣಲ್ಲ" ಎನ್ನುತ್ತಿದ್ದರು ಜನ. ನನಗೊಂದು ಹೆಸರಿದೆ ಎಂದು ಯಾರಿಗೂ ಹೊಳೆಯಲಿಲ್ಲ. ನಿನ್ನ ಉತ್ತರ ಮುಗಿಯುವ ಮೊದಲೇ ನನ್ನ ಬಾಯಲ್ಲಿ ಇನ್ನೊಂದು ಕೂತಿರುತ್ತಿತ್ತು, ಕೆಲವೊಮ್ಮೆ ನಿನ್ನದಕ್ಕಿಂತ ಒಳ್ಳೆಯದು. ನುಂಗಿಕೊಂಡು ಚಪ್ಪಲಿಯ ಮಣ್ಣು ಕೊಡವುತ್ತಿದ್ದೆ.

ಈಗ ನಾನು ಹಾಡುತ್ತೇನೆ. ಆದರೂ ಆಟ ಮುಗಿಸಿ ನೋಯ್ ಮೆಲೇಸ್ಯೋ ಗಿಟಾರಿನ ತೆಂಗಿನ ಚಿಪ್ಪು ಒರೆಸುತ್ತಾ ಏನೆನ್ನುತ್ತಾರೆ ಗೊತ್ತೇ? "ಚೆನ್ನಾಗಿತ್ತು ಫೌಸ್ತಾ. ದೊರಾಯ್ ಆಗಿದ್ರೆ ಇಲ್ಲಿ ಇನ್ನರ್ಧ ಸುತ್ತು ಕಾಯಿಸ್ತಿದ್ಲು." ಸಮುದ್ರ ದಾಟಿಹೋದರೂ ನೀನು ನನಗೂ ಅವರಿಗೂ ನಡುವೆಯೇ ನಿಂತಿದ್ದೀಯ. ಹೊಟ್ಟೆಕಿಚ್ಚು ನಿನ್ನೊಬ್ಬಳ ಆಸ್ತಿಯಲ್ಲ.

ಎಡಗಾಲು ಮುಂದಿಡುತ್ತಾರೆ. ಕೇಳಿದೆಯಲ್ಲ, ತೆಗೆದುಕೋ.

ಜನವರಿ ಹನ್ನೆರಡಕ್ಕೆ ಶಾಲೆಯ ಮೇಷ್ಟ್ರ ಮಗಳ ಮದುವೆ. ಮೂರು ಊರಿನವರು ಸೇರುತ್ತಾರೆ. ನನ್ನ ಪದಗಳ ದಾರಿ ನೋಯ್ ಮೆಲೇಸ್ಯೋಗೆ ಗೊತ್ತಾಗಿಬಿಟ್ಟಿದೆ. ಕೊನೆಯ ಸುತ್ತಿಗೆ ಅವರು ಕೇಳಿಯೇ ಇರದ ಒಂದು ಪದ ಬೇಕು. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಇದ್ದರೆ ಕಳಿಸು. ಇಲ್ಲದಿದ್ದರೆ ಆ ಹೊಟ್ಟೆಕಿಚ್ಚಿನಲ್ಲಿ ಅನ್ನ ಬೇಯಿಸಿಕೋ, ಸೌದೆಯಾದರೂ ಉಳಿಯುತ್ತದೆ.

ಫೌಸ್ತಾ

*

ಕೊರೊನಡಾಲ್
೧೮ ನವೆಂಬರ್ ೧೯೫೬

ಪ್ರೀತಿಯ ಇಂದಾಯ್,

ಅನ್ನ ಬೆಂದಿತು, ಚೆನ್ನಾಗಿಯೇ ಬೆಂದಿತು.

ನೀನು ಚಪ್ಪಲಿ ಹಿಡಿದದ್ದು ನನಗೆ ನೆನಪಿರಲಿಲ್ಲ. ಅದೇ ತಪ್ಪು ಇರಬೇಕು. ಜಗಳ ಸಾಕು. ಇಗೋ ಪದ:

ಹತ್ತು ಸಲ ನೀ ಕೇಳಲು
ಹತ್ತು ಸಲ ನಾ ನಕ್ಕೆನು
ನೀ ಬಂದು ಇನ್ನೊಮ್ಮೆ ಕೇಳು
ಮುಚ್ಚಿಲ್ಲ ……… ಬಾಗಿಲು

ಕೊನೆಯ ಸಾಲಿನಲ್ಲಿ ಮಸಿ ಚೆಲ್ಲಿದೆ, ಅಲ್ಲಿ ಏನೂ ಇಲ್ಲ. ಎರಡಕ್ಷರ ಕಡಿಮೆಯಾದರೆ ಸ್ವರ ಎಳೆದು ತುಂಬಿಸಿಕೋ. ಬೇರೆ ಹಾಳೆಗೆ ಬರೆಯೋಣವೆಂದರೆ ಅಂಚೆಯ ಲಾರಿ ಹೊರಟು ನಿಂತಿದೆ.

ನನ್ನ ಪದವೆಂದು ಅವನಿಗೆ ಹೇಳಬೇಡ. ಹಾಡುವಾಗ ಅವನ ಮುಖ ನೋಡು. ನೋಡಿದ್ದನ್ನು ಕೂದಲೆಳೆಯಷ್ಟೂ ಬಿಡದೆ ಬರೆ.

ದೊರಾಯ್

*

ದಿಮ್ಯಾವ್
೧೫ ಜನವರಿ ೧೯೫೭

ಮನಾಂಗ್! ಮನಾಂಗ್!

ಗೆದ್ದೆ! ನೋಯ್ ಮೆಲೇಸ್ಯೋ ಬಾಯಿ ಕಟ್ಟಿತು!

ಊಟಕ್ಕೆ ಮುಂಚೆ ಶುರುವಾದದ್ದು, ನೆರಳು ಅಂಗಳ ದಾಟುವವರೆಗೂ ನಡೆಯಿತು. ನಾನು ಒಂದು ಕೊಟ್ಟರೆ ಅವರು ಎರಡು. ಕೊನೆಗೆ ಎಂದಿನಂತೆ 'ಮದುವೆಯಾಗು' ಎಂದು ಹೆಣ್ಣು ಕೇಳುವ ಪದ ಹಾಡಿ, ಎಡಗಾಲು ಮುಂದಿಟ್ಟು, ನಗುತ್ತಾ ನಿಂತರು. ನಾನು ಅರ್ಧ ಸುತ್ತು ಕುಣಿದೆ, ಇನ್ನರ್ಧ ಕಾಯಿಸಿದೆ, ಆಮೇಲೆ ನಿನ್ನ ಪದ ಬಿಟ್ಟೆ.

ಗಿಟಾರಿನ ಮೂರು ಪೆಟ್ಟು ಸುತ್ತಿ ಬಂತು. ಅವರು ಬಾಯಿ ತೆರೆಯಲಿಲ್ಲ. ಮತ್ತೆ ಸುತ್ತಿತು. ನಾಲ್ಕನೇ ಸುತ್ತಿಗೆ ಕೈಯೂ ನಿಂತಿತು. "ಏನಯ್ಯಾ ಮೆಲೇಸ್ಯೋ, ನಾಲಿಗೇನ ತೆಂಗಿನ ಮರದಲ್ಲೇ ಬಿಟ್ ಬಂದ್ಯಾ?" ಎಂದು ಯಾರೋ ಕೂಗಿದರು. ಅವರ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಗಿಟಾರನ್ನು ನನ್ನ ಕೈಗೆ ಕೊಟ್ಟು, ಊಟವನ್ನೂ ಮಾಡದೆ ಹೊರಟುಹೋದರು.

ಹೆಂಗಸರು ನನ್ನನ್ನು ಎತ್ತಿ ಕುಣಿಸಿದರು. "ಫೌಸ್ತಾ! ಫೌಸ್ತಾ!" ಎಂದು ಕೂಗಿದರು ಮನಾಂಗ್, "ದೊರಾಯ್ ತಂಗಿ" ಎನ್ನಲಿಲ್ಲ.

ಫೌಸ್ತಾ

*

ಕೊರೊನಡಾಲ್
೬ ಫೆಬ್ರವರಿ ೧೯೫೭

ಪ್ರೀತಿಯ ಇಂದಾಯ್,

ನಿನ್ನ ಪತ್ರವನ್ನು ಗದ್ದೆಬದಿಯಲ್ಲಿ ನಾಲ್ಕು ಸಲ ಓದಿದೆ. ಗೆದ್ದೆನೆಂದು ಬಹಳ ಬೀಗಬೇಡ. ಕೆಲವು ಮೌನ ಎದುರಿಗೆ ನಿಂತವರಿಂದ ಬಂದದ್ದಲ್ಲ. ಬಿಳಿಚಿತು, ಆಮೇಲೆ ಕೆಂಪಾಯಿತು ಎಂದೆಯಲ್ಲ, ಸರಿಯಾಗಿ ನೋಡಿದೆಯಾ? ಅವನು ಯಾರ ಬಗ್ಗೆಯಾದರೂ ವಿಚಾರಿಸಿದನೇ? ನನ್ನ ವಿಳಾಸ ಕೇಳಿದನೇ?

ಇವತ್ತು ಬಾವಿಯ ಹತ್ತಿರ ಸುಮ್ಮನೆ ಹಾಡಿಕೊಳ್ಳುತ್ತಿದ್ದೆ. ಗೌದೆನ್ಸ್ಯೋ ಬಂದು ನಿಂತು ಕೇಳಿ, ಕೊಡ ಎತ್ತಿಕೊಂಡು ಹೋದ. ಚೆನ್ನಾಗಿದೆ ಎನ್ನಲೂ ಇಲ್ಲ.

ದೊರಾಯ್

*

ದಿಮ್ಯಾವ್
೮ ಫೆಬ್ರವರಿ ೧೯೫೭

ಮನಾಂಗ್,

ಹೇಗೆ ಬರೆಯಲಿ? ನೇರವಾಗಿ ಬರೆಯುತ್ತೇನೆ.

ಮೂರು ವಾರ ಮುಖ ತೋರಿಸದಿದ್ದ ಮೆಲೇಸ್ಯೋ ನಿನ್ನೆ ಬೆಳಗ್ಗೆ ಸೋದರತ್ತೆಯನ್ನೂ ಸೋದರಮಾವನನ್ನೂ ಕರೆದುಕೊಂಡು, ಒಂದು ಬುರುಡೆ ಕಳ್ಳು, ಒಂದು ಹುಂಜ ಹಿಡಿದು ನಮ್ಮ ಏಣಿ ಹತ್ತಿದ. ಹೆಣ್ಣು ಕೇಳಲು ಬಂದಿದ್ದೇವೆ ಎಂದರು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

"ಇದೂ ಬಾಲಿತಾವೇನಯ್ಯಾ? ನಗೋದಕ್ಕೆ ಊರವರನ್ನೂ ಕರೀಲಾ?"

"ಇಲ್ಲ ಯಜಮಾನ್ರೇ" ಎಂದ ಅವನು. "ಇದ್ರಲ್ಲಿ ಪ್ರಾಸ ಇಲ್ಲ."

ನಾನು ಹೂಂ ಎಂದೆ. ಈಸ್ಟರ್ ಆದ ಮೇಲಿನ ಶನಿವಾರ ಮದುವೆ. ಭಾವನನ್ನು ಕರೆದುಕೊಂಡು ಬಾ ಎಂದು ಬರೆಯಬೇಕು. ಬರುತ್ತೀಯೋ ಇಲ್ಲವೋ, ಬರಲಿ ಎಂದು ನನಗಿದೆಯೋ ಇಲ್ಲವೋ, ಎರಡೂ ತಿಳಿಯದು.

ಫೌಸ್ತಾ

*

ಕೊರೊನಡಾಲ್
೩ ಮಾರ್ಚ್ ೧೯೫೭

ಫೌಸ್ತಾ,

ಆ ಪದ ನಿನ್ನದಲ್ಲ. ನಾನು ಅವನಿಗೆಂದು ಕಟ್ಟಿದ್ದು.

ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡು. ಮಸಿ ಚೆಲ್ಲಲಿಲ್ಲ, ನಾನೇ ಬಳಿದೆ. ಕೆಳಗೆ 'ಇಂದೂ' ಎಂದಿದೆ. ಮುಚ್ಚಿಲ್ಲ ಇಂದೂ ಬಾಗಿಲು. ಹತ್ತು ಸಲ ಅವನು ಕೇಳಿದ್ದು ನನ್ನನ್ನು, ಹತ್ತು ಸಲ ನಕ್ಕವಳು ನಾನು. ಅವನು ಆಟಕ್ಕೆ ಕೇಳಿದನೋ ನಿಜಕ್ಕೆ ಕೇಳಿದನೋ ಎಂದು ಒಂದು ದಿನವೂ ತಿಳಿಯದೆ, ಮೂವತ್ತು ತುಂಬಿದಾಗ, ಗೌದೆನ್ಸ್ಯೋ ಪ್ರಾಸವಿಲ್ಲದೆ ಒಂದೇ ಮಾತಲ್ಲಿ ಕೇಳಿದನೆಂದು ಒಪ್ಪಿಕೊಂಡೆ. ಇಲ್ಲಿ ನನ್ನ ಹಾಡಿಗೆ ಉತ್ತರ ಕೊಡುವ ಒಬ್ಬ ಗಂಡಸಿಲ್ಲ. ಎಲ್ಲರೂ ಹಾಡಿಸುತ್ತಾರೆ ಎಂದು ನಾನೂ ಸುಳ್ಳೇ ಬರೆದೆ. ಹಾಡಿ ಮುಗಿಸಿದರೆ ಕಪ್ಪೆ ವಟಗುಟ್ಟುವುದು ಕೇಳಿಸುತ್ತದೆ, ಅಷ್ಟೆ.

ಅವನು ಮೌನವಾದದ್ದು ನನ್ನ ದನಿ ಗುರುತು ಹಿಡಿದು. ಆಮೇಲೆ ನಿನ್ನ ಮುಖ ನೋಡಿ ಮೋಸಹೋಗಿದ್ದಾನೆ. ನನ್ನ ಪದದ ಏಣಿ ಹತ್ತಿ ನಿನ್ನ ಮನೆಗೆ ಬಂದಿದ್ದಾನೆ.

ಈಸ್ಟರಿನ ಮರುದಿನ ದಡಿಯಾಂಗಸ್ ಬಂದರಿನಿಂದ ಹಡಗಿದೆ. ಬರುತ್ತೇನೆ. ಮದುವೆಗೆ ಮುಂಚೆ ಅವನ ಎದುರು ನಿಂತು ಆ ಸಾಲನ್ನು ಪೂರ್ತಿ ಹಾಡುತ್ತೇನೆ. ಆಮೇಲೆ ಅವನಿಷ್ಟ.

ದೊರಾಯ್

*

ದಿಮ್ಯಾವ್
೩೦ ಮಾರ್ಚ್ ೧೯೫೭

ಮನಾಂಗ್,

ನಿನ್ನ ಹಾಳೆ ಬಂದ ದಿನವೇ ಬೆಳಕಿಗೆ ಹಿಡಿದು ನೋಡಿದ್ದೆ. ಹನ್ನೆರಡು ವರ್ಷ ಒಂದಕ್ಷರ ತಪ್ಪದ ದೊರಾಯ್ ಎರಡಕ್ಷರ ಬಿಟ್ಟು ಕಳಿಸುತ್ತಾಳೆಯೇ? 'ಇಂದೂ' ಕಾಣಿಸಿತು. ಯಾರಿಗೆಂದೂ ತಿಳಿಯಿತು. ಎರಡು ದಿನ ಊಟ ಸೇರಲಿಲ್ಲ. ನನ್ನ ಬಾಯನ್ನು ಅಂಚೆಡಬ್ಬಿ ಮಾಡಿಕೊಂಡೆಯಲ್ಲ!

ಆದರೆ ಆ ಜಾಗ ಖಾಲಿ ಬಿಟ್ಟವಳು ನೀನು. ಸ್ವರ ಎಳೆದು ತುಂಬಿಸು ಎಂದೆ. ನಾನು ಎಳೆಯಲಿಲ್ಲ. "ಮುಚ್ಚಿಲ್ಲ ನನ್ನ ಬಾಗಿಲು" ಎಂದು ಹಾಡಿದೆ. ಮೂವತ್ತಕ್ಷರ ನಿನ್ನದು, ಎರಡು ನನ್ನದು. ಅವನನ್ನು ನಾನು ಹದಿನೈದು ವರ್ಷದವಳಿದ್ದಾಗಿನಿಂದ, ನಿನ್ನ ಚಪ್ಪಲಿ ಹಿಡಿದು ನಿಂತ ಜಾಗದಿಂದ, ನೋಡುತ್ತಲೇ ಬಂದಿದ್ದೇನೆ. ಇದನ್ನು ನಿನಗೆ ಯಾವತ್ತೂ ಬರೆಯಲಿಲ್ಲ.

ನಿನ್ನ ಪತ್ರ ಬಂದ ಮೇಲೆ ಅವನಿಗೆ ಎಲ್ಲ ಹೇಳಿದೆ. ಮುಚ್ಚಿಟ್ಟು ಮದುವೆಯಾದರೆ ಜನ್ಮವಿಡೀ ನಿನ್ನ ಪಾಲಿನದನ್ನೇ ಉಣ್ಣಬೇಕಲ್ಲ. ಅವನು ಮರದಿಂದ ಆಗಷ್ಟೇ ಇಳಿದಿದ್ದ. ಬುರುಡೆ ಕೆಳಗಿಟ್ಟು ಬಹಳ ಹೊತ್ತು ಕತ್ತಿ ಒರೆಸಿದ. ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಬರೆಯುವ ಕೈಗೆ ಮೆಣಸು ಅರೆದ ಹಾಗಾಗುತ್ತಿದೆ, ಆದರೂ ಬರೆಯುತ್ತೇನೆ.

"ದೊರಾಯ್‌ನ ನಿಜಕ್ಕೂ ಕೇಳಿದ್ದು ಒಂದೇ ಸಲ. ಜನ ನಕ್ಕರು, ಅವಳೂ ನಕ್ಲು. ಮಾರನೇ ದಿನ ಮರದ ಮೇಲಿಂದ ಕೈ ಜಾರಿ ಬೀಳೋದ್ರಲ್ಲಿದ್ದೆ. ಆಮೇಲೆ ಕೇಳಿದ್ದೆಲ್ಲ ಆಟಕ್ಕೆ."

"ಅವತ್ತು ಮಾತು ನಿಂತಿದ್ದು ಎಲ್ಲಿ? ನಿಜ ಹೇಳು" ಎಂದೆ.

"ಮೂರು ಸಾಲು ಕೇಳೋವಾಗ ದೊರಾಯ್‌ನ ಪದ ಅನ್ನಿಸ್ತು. ನಾಲ್ಕನೇದ್ರಲ್ಲಿ 'ನನ್ನ' ಅಂದ್ಯಲ್ಲ, ಅಲ್ಲಿ ನಿಂತೋಯ್ತು. ಆ ಒಂದ್ ಮಾತನ್ನ ಅವಳು ಹನ್ನೆರಡು ವರ್ಷದಲ್ಲಿ ಒಂದ್ ಸಲಾನೂ ಹಾಡ್ಲಿಲ್ಲ."

ಅಂತೂ ಒಂದು ಸಲ ನಿಜಕ್ಕೂ ಕೇಳಿದ್ದ, ನಿನ್ನನ್ನು. ಅದು ನನಗೆ ಚುಚ್ಚುತ್ತದೆ, ಚುಚ್ಚುತ್ತಲೇ ಇರುತ್ತದೆ. ಬರುವುದಿದ್ದರೆ ಬಾ. ಅವನ ಎದುರು ನಿಂತು ಹಾಡು. ನಾನು ಪಕ್ಕದಲ್ಲೇ ಇರುತ್ತೇನೆ, ಚಪ್ಪಲಿ ಹಿಡಿದಲ್ಲ.

ಫೌಸ್ತಾ

*

ಕೊರೊನಡಾಲ್
೧೧ ಆಗಸ್ಟ್ ೧೯೫೭

ಪ್ರೀತಿಯ ಇಂದಾಯ್,

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಮದುವೆಯ ಫೋಟೋ ಬಂತು. ಹೊಟ್ಟೆ ಉರಿಯಿತು.

ನಿನ್ನ ಪತ್ರ ಹಡಗಿಗೆ ಮೂರು ದಿನ ಮುಂಚೆ ಕೈಗೆ ಬಂದಿತ್ತು. ಓದಿದ ಮೇಲೂ ಹೊರಟೆ. ಅಪ್ಪನಿಗೆ ಹುಷಾರಿಲ್ಲವೆಂದು ಗೌದೆನ್ಸ್ಯೋಗೆ ಹೇಳಿದೆ. ಅವನು ಬಂಡಿಗೆ ಕೋಣ ಕಟ್ಟಿದ. ಒಂದೂವರೆ ದಿನದ ದಾರಿ. ಬಂದರಿನಲ್ಲಿ ನನ್ನ ಗಂಟು ಇಳಿಸಿ, ದಾರಿಗೆಂದು ತಾನೇ ಬಾಳೆಲೆಯಲ್ಲಿ ಕಟ್ಟಿದ ಅನ್ನ ಕೈಗಿಟ್ಟ. ಆಮೇಲೆ ಕೋಣದ ಕಡೆ ನೋಡುತ್ತಾ ಹೇಳಿದ:

"ನಿಮ್ಮಪ್ಪಂಗೆ ಏನೂ ಆಗಿಲ್ಲ. ತಿಬುರ್ಸ್ಯಾ ಎಲ್ಲಾ ಹೇಳಿದ್ದಾಳೆ, ಮದುವೇದೂ. ಹತ್ರದಲ್ಲೂ ಜಮೀನಿತ್ತು ದೊರಾಯ್. ಅವನ ಗಿಟಾರು ಕೇಳಿಸ್ದೇ ಇರೋಷ್ಟು ದೂರ ಬೇಕಿತ್ತು ನಂಗೆ, ಅದಕ್ಕೇ ಇಲ್ಲಿಗೆ ಎಳ್ಕೊಂಡ್ ಬಂದೆ. ನಿನ್ ಬಾಯಿ ಕಟ್ಟಾಕಿದ್ದು ನಾನು. ಹೋಗು."

ನಾನು ಗಂಟಿನ ಪಕ್ಕ ಕೂತೆ. ನಿನ್ನ ಮನೆ ಅಂಗಳದಲ್ಲಿ ನಿಂತು ಏನು ಹಾಡಬೇಕೋ ಅದನ್ನು ಎಂಟೆಂಟಕ್ಷರಕ್ಕೆ ಕೂಡಿಸಲು ನೋಡಿದೆ. ಕೂಡಲಿಲ್ಲ. ಎದುರಿಗೆ ಈ ಮನುಷ್ಯ ಕೋಣದ ಕತ್ತಿನ ಉಣುಗು ಕೀಳುತ್ತಾ ನಿಂತಿದ್ದಾನೆ. ನನ್ನನ್ನು ಸುಟ್ಟ ಬೆಂಕಿಯೇ ಮೂರು ವರ್ಷದಿಂದ ಅವನನ್ನೂ ಸುಡುತ್ತಿತ್ತು. ನನ್ನ ಹೊಟ್ಟೆಕಿಚ್ಚಿಗೆ ಹಾಡಾದರೂ ಇತ್ತು, ಅವನದಕ್ಕೆ ಅದೂ ಇರಲಿಲ್ಲ. ಹಡಗು ಕೂಗಿತು, ಹೊರಟಿತು. ಇಬ್ಬರೂ ಆ ಅನ್ನ ಹಂಚಿಕೊಂಡು ಉಂಡು ವಾಪಸು ಬಂದೆವು. ಯಾಕೆ ಹೋಗಲಿಲ್ಲವೆಂದು ಅವನು ಕೇಳಲಿಲ್ಲ.

ಜುಲೈಯಲ್ಲಿ ತಿಬುರ್ಸ್ಯಾಳ ಮಗನ ಮದುವೆಯಾಯಿತು. ಎಲ್ಲರೂ ನನ್ನನ್ನು ಹಾಡು ಎಂದರು. "ಗಂಡ್ಸು ಕೇಳ್ದೆ ನಾನ್ ಯಾರಿಗ್ ಉತ್ತರ ಕೊಡ್ಲಿ?" ಎಂದೆ. ಇಲೊಂಗೋ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹಿಂದಿನ ಬೆಂಚಿನಿಂದ ಗೌದೆನ್ಸ್ಯೋ ಎದ್ದು ಬಂದ! ಕೊಳಲಿಗೆ ಕೋಣ ಬಂದ ಹಾಗೆ. ಗಿಟಾರಿನವನು ಮೂರು ಪೆಟ್ಟು ಹಿಡಿದ. ಇವನು ಯಾವ ಪೆಟ್ಟಿಗೂ ಸೇರದೆ ಹಾಡಿದ:

"ನಾನು ಹಾಡುಗಾರನಲ್ಲ ಅಂತ ಎಲ್ಲರಿಗೂ ಗೊತ್ತಿದೆ, ಆದರೂ ಕೇಳ್ತೀನಿ, ನನ್ನ ಜೊತೆ ಬಂದಿದ್ದಕ್ಕೆ ನಿಂಗೆ ಬೇಜಾರಾ, ಹೇಳು."

ಮೊದಲ ಸಾಲಿಗೇ ಹದಿನೇಳಕ್ಷರ, ಇಂದಾಯ್! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಕಿವಿ ಕೆಂಪಾಯಿತು, ಆದರೆ ಕೂರಲಿಲ್ಲ. ನಾನು ನಗಲಿಲ್ಲ. ಅರ್ಧ ಸುತ್ತು ಕುಣಿದೆ. ಅವನು ಕೊನೆಗೆ ಬಿಟ್ಟ ಸ್ವರ ಎತ್ತಿಕೊಂಡೆ:

ಹೋಗುವ ಹಡಗಿದ್ದಿತು
ಹತ್ತದೆ ನಾನು ನಿಂತೆನು
ಇನ್ನೇನು ಉತ್ತರ ಬೇಕು
ಎಣಿಸಲಾರದ ಮಂಕು

ಸೋತೆನೆಂದು ಹೋಗಿ ಕೂರುತ್ತಾನೆ ಎಂದುಕೊಂಡೆ. "ಇನ್ನೊಂದ್ ಕೇಳ್ತೀನಿ" ಎಂದ. ಹನ್ನೊಂದು ಸಲ ಕೇಳಿದ, ಹನ್ನೊಂದು ಸಲವೂ ಸೋತ. ಪಾಪ ಎಂದು ಒಂದನ್ನೂ ಬಿಟ್ಟುಕೊಡಲಿಲ್ಲ ನಾನು. ಸಾರು ಆರಿಹೋಯಿತೆಂದು ತಿಬುರ್ಸ್ಯಾ ಬಯ್ಯುತ್ತಲೇ ಇದ್ದಳು.

ಮೆಲೇಸ್ಯೋ ಎಡಗಾಲು ಮುಂದಿಡುವುದು ಈಗಲೂ ನೆನಪಾಗುತ್ತದೆ, ನೆನಪಾದ ದಿನ ಯಾರ ಜೊತೆಗೂ ಮಾತು ಬೇಡವೆನಿಸುತ್ತದೆ. ನಾಯಿಯ ಪದ ನೀನೇ ಇಟ್ಟುಕೋ. ಉಳಿದವನ್ನು ಹಾಡಬೇಡ, ನಿನ್ನದು ನೀನು ಕಟ್ಟು. ನನ್ನದಕ್ಕಿಂತ ಒಳ್ಳೆಯದು ಬಾಯಲ್ಲಿರುತ್ತಿತ್ತು ಎಂದೆಯಲ್ಲ, ಒಂದನ್ನಾದರೂ ಬರೆದು ಕಳಿಸು, ನೋಡುತ್ತೇನೆ.

ಗೌದೆನ್ಸ್ಯೋ ಏಣಿಯ ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸುತ್ತಿದ್ದಾನೆ. ಭಾನುವಾರ ಇನ್ನೊಂದು ಮದುವೆಯಿದೆ. ಈಗ ತಾನೇ ಕೂಗಿದ: "ದೊರಾಯ್, 'ಕೋಣ'ಕ್ಕೆ ಪ್ರಾಸ ಏನೇ?"

ಹೇಳುವುದಿಲ್ಲ. ಹುಡುಕಿಕೊಳ್ಳಲಿ.

ನಿನ್ನ ಮನಾಂಗ್
ದೊರಾಯ್